ಪ್ಲೇಟಿನ ಮೇಲೆ ಕಂಡ ಮಸುಕು

ನಾನು ನಿಂತಿದ್ದುದು ಎರಡನೆಯ ಕಂಬದ ಪಕ್ಕದಲ್ಲಿ, ಅಚ್ಚಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಶೆಡ್ಡಿನ ದೊಡ್ಡ ಬಾಗಿಲಿಗೆ ಬೆನ್ನು ಮಾಡಿ. ಏಳು ವರ್ಷದ ಹಿಂದಿನ ಫೆಬ್ರವರಿ, ಬುಧವಾರ, ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ಗೋಡೆಯ ಗಡಿಯಾರ ನನ್ನ ಎದುರಿಗೇ ಇತ್ತು. ಅದು ಐದು ನಿಮಿಷ ಮುಂದೆ ಓಡುತ್ತಿತ್ತು. ಅದನ್ನು ಕಳೆದೇ ಈ ಹೊತ್ತನ್ನು ಬರೆದಿದ್ದೇನೆ.

ಭದ್ರಾವತಿಯ ಒಂದು ಸಣ್ಣ ಫೌಂಡ್ರಿ ಅದು. ಕಬ್ಬಿಣವನ್ನು ಕರಗಿಸಿ, ಮರಳಿನ ಅಚ್ಚಿಗೆ ಹೊಯ್ದು ಯಂತ್ರದ ಭಾಗಗಳನ್ನು ಮಾಡುತ್ತಿದ್ದೆವು. ಡಿಪ್ಲೊಮಾ ಮುಗಿಸಿ ಅಲ್ಲಿಗೆ ಸೇರಿದ ನನಗೆ ಆಗ ಹನ್ನೊಂದು ವರ್ಷದ ಸರ್ವೀಸಾಗಿತ್ತು. ಅಚ್ಚು ಸರಿಯಾಗಿದೆಯೇ ಎಂದು ನೋಡುವುದು ನನ್ನ ಕೆಲಸ.

ಅಚ್ಚಿನಲ್ಲಿ ಹಸಿ ಉಳಿದಿರಬಾರದು. ಉಳಿದರೆ, ಕರಗಿದ ಕಬ್ಬಿಣ ತಾಗಿದೊಡನೆ ಆ ನೀರು ಆವಿಯಾಗುತ್ತದೆ, ಹೊರಹೋಗಲು ದಾರಿ ಸಾಲದೆ ಕಬ್ಬಿಣವನ್ನೇ ಮೇಲಕ್ಕೆ ಎಸೆಯುತ್ತದೆ. ಅದಕ್ಕಾಗಿ ದೊಡ್ಡ ಅಚ್ಚುಗಳನ್ನು ಇದ್ದಿಲಿನ ಒಲೆಯಿಟ್ಟು ಒಣಗಿಸುತ್ತಿದ್ದೆವು. ಒಣಗಿತೇ ಎಂದು ತಿಳಿಯಲು ನಮ್ಮಲ್ಲಿ ಒಂದು ಪದ್ಧತಿಯಿತ್ತು. ನೆರಳಿನಲ್ಲಿ ಇಟ್ಟು ತಣ್ಣಗಾದ, ಉಜ್ಜಿ ಹೊಳಪು ಮಾಡಿದ, ಅಂಗೈಯಗಲದ ಉಕ್ಕಿನ ಪ್ಲೇಟೊಂದನ್ನು ಅಚ್ಚಿನ ಗಾಳಿಕಂಡಿಯ ಮೇಲೆ ಹಿಡಿದು ಇಪ್ಪತ್ತರವರೆಗೆ ಎಣಿಸಬೇಕು. ಒಳಗೆ ಹಸಿ ಇದ್ದರೆ ಪ್ಲೇಟಿನ ಮೇಲೆ ಮಸುಕು ಹಿಡಿಯುತ್ತದೆ. ಹಿಡಿದವನು ನೋಡಿ, ಹೊಯ್ಯುವವನಿಗೆ ತೋರಿಸಬೇಕು. ಇಬ್ಬರೂ ಬಾಯಿಬಿಟ್ಟು "ಒಣಗಿದೆ" ಎನ್ನಬೇಕು. ಒಬ್ಬ ಅಂದು ಇನ್ನೊಬ್ಬ ಸುಮ್ಮನಿದ್ದರೆ ಕಬ್ಬಿಣ ಹೊಯ್ಯುವಂತಿರಲಿಲ್ಲ.

ಪ್ಲೇಟು ಹಿಡಿಯುವವನು ನಾನು. ಹೊಯ್ಯುವವರು ಮೇಸ್ತ್ರಿ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಅವರದೂ ನನ್ನದೂ ಶಿವಮೊಗ್ಗವೇ, ಬೆಳಿಗ್ಗೆ ಒಂದೇ ಬಸ್ಸು, ಹೆಚ್ಚಾಗಿ ಒಂದೇ ಸೀಟು. ಅವರು "ಒಣಗಿದೆ" ಎಂದರೆ ಶೆಡ್ಡಿನ ಆ ತುದಿಗೂ ಕೇಳುತ್ತಿತ್ತು. ನಾನು ಹೇಳಿದ್ದು ಪಕ್ಕದವರಿಗೂ ಸರಿಯಾಗಿ ಕೇಳುತ್ತಿರಲಿಲ್ಲ.

ನನ್ನ ತಂದೆ ಹೈಸ್ಕೂಲಿನಲ್ಲಿ ಸಂಸ್ಕೃತದ ಮೇಷ್ಟ್ರು. ಸಂಜೆ ನನ್ನನ್ನು ಎದುರು ಕೂರಿಸಿಕೊಂಡು ಶಬ್ದರೂಪಗಳನ್ನು ಒಪ್ಪಿಸಲು ಹೇಳುತ್ತಿದ್ದರು. ಮುಗಿದ ಮೇಲೆ ಕಣ್ಣು ಮುಚ್ಚಿಕೊಂಡೇ "ಇನ್ನೊಂದ್ಸಲ" ಎನ್ನುತ್ತಿದ್ದರು. ತಪ್ಪು ಎಲ್ಲಿ ಎಂದು ಹೇಳುತ್ತಿರಲಿಲ್ಲ. ಎಷ್ಟೋ ಸಲ ತಪ್ಪೇ ಇರುತ್ತಿರಲಿಲ್ಲವೆಂದು ನನಗೆ ಗೊತ್ತಾದದ್ದು ಅವರು ತೀರಿಕೊಳ್ಳುವ ಮೊದಲಿನ ವರ್ಷ, ಅವರೇ ನಗುತ್ತಾ ಹೇಳಿದಾಗ. ಅಷ್ಟು ಹೊತ್ತಿಗೆ ನಾನು ಮನೆಯ ಬೀಗವನ್ನು ಮೂರು ಸಲ ಎಳೆದು ನೋಡುವ ಮನುಷ್ಯನಾಗಿದ್ದೆ.

ಇದನ್ನು ಒಮ್ಮೆ ಬಸ್ಸಿನಲ್ಲಿ ಮೇಸ್ತ್ರಿಗೆ ಹೇಳಿದೆ. ಅವರು ಜೋರಾಗಿ ನಕ್ಕರು.

"ನಮ್ಮಮ್ಮ ಉಲ್ಟಾ ಮಾರಾಯ. ನಾನು ಏನ್ ಮಾಡಿದ್ರೂ ಶಾಬಾಶ್ ಬೇಟಾ ಅಂತಿದ್ಲು. ಒಂದಿನ ಪಿಂಗಾಣಿ ಬಸಿ ಒಡೆದೆ. ಪರ್ವಾಗಿಲ್ಲ, ಸದ್ದು ಚೆನ್ನಾಗಿ ಬಂತು ಅಂದ್ಲು!"

ಆ ಬುಧವಾರಕ್ಕೆ ಮೊದಲಿನ ವಾರದಲ್ಲಿ ನಾನು ಎರಡು ಅಚ್ಚುಗಳನ್ನು ತಡೆದಿದ್ದೆ. ಎರಡರಲ್ಲೂ ಪ್ಲೇಟಿನ ಮೇಲೆ ಏನೋ ಕಂಡಂತಾಯಿತು. ಎರಡನ್ನೂ ಮತ್ತೆ ಒಲೆಯಿಟ್ಟು ಒಣಗಿಸಿದರು. ಮತ್ತೆ ಒಲೆಯಿಟ್ಟಾಗ ಎಳ್ಳಷ್ಟೂ ಆವಿ ಏಳಲಿಲ್ಲ, ಎರಡೂ ಮೊದಲೇ ಚೆನ್ನಾಗಿ ಒಣಗಿದ್ದವು ಎಂದು ಆಗ ಗೊತ್ತಾಯಿತು. ಕರಗಿಸಿ ಸಿದ್ಧವಿದ್ದ ಕಬ್ಬಿಣವನ್ನು ಎರಡು ಸಲವೂ ವಾಪಸ್ಸು ಕುಲುಮೆಗೆ ಹಾಕಬೇಕಾಯಿತು. ಕ್ರೇನು ನಡೆಸುವವನು ಬಾಯಿ ಬಿಗಿಹಿಡಿಯುವ ಪೈಕಿಯಲ್ಲ. ಮನೆಯಲ್ಲಿ ತಮಿಳು, ಶೆಡ್ಡಿನಲ್ಲಿ ಎಲ್ಲ ಭಾಷೆ.

"ಏನ್ ಸಾರ್, ಮದ್ವೆ ಗಂಡಿಗೂ ಇಷ್ಟೊತ್ತು ಕನ್ನಡಿ ಬೇಡ," ಎಂದ.

ಒಲೆಗೆ ಇದ್ದಿಲು ತುಂಬುವ ಹೆಂಗಸು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಮೇಸ್ತ್ರಿ ಎಲ್ಲರ ಮುಂದೆ ಏನೂ ಹೇಳಲಿಲ್ಲ. ಸಂಜೆ ಬಸ್ಸು ಮಲವಗೊಪ್ಪ ದಾಟುವಾಗ, ಕಿಟಕಿಯ ಕಡೆ ನೋಡುತ್ತಾ, ಮೆಲ್ಲಗೆ ಹೇಳಿದರು.

"ನೋಡು ಮಾರಾಯ, ಕೆಲಸ ನಿಂಗೆ ಗೊತ್ತು. ನಿನ್ನ ಮೇಲೆ ನಂಗೆ ಅನುಮಾನ ಇಲ್ಲ. ನಿಂಗೇ ಇದೆ. ಮುಂದಿನ ಸಲ ಒಂದೇ ಸಲ ನೋಡು. ನೋಡಿ ಹೇಳು."

ಪ್ರೀತಿಯಿಂದ ಹೇಳಿದ ಮಾತು. ಒಂದೇ ಸಲ ನೋಡುವುದು ಎಂದು ನಾನು ನಿರ್ಧರಿಸಿದೆ.

ಬುಧವಾರ ಮೂರೂಕಾಲಿಗೆ ಪ್ಲೇಟು ಹಿಡಿದೆ. ಇಪ್ಪತ್ತು ಎಣಿಸಿದೆ. ತಿರುಗಿಸಿ ನೋಡಿದೆ. ಕೆಳಗಿನ ಅಂಚಿನಲ್ಲಿ, ಎಡಗಡೆ, ಹೆಬ್ಬೆರಳಿನ ಉಗುರಿನಷ್ಟು ಅಗಲ ಮಸುಕಾಗಿತ್ತು. ನನ್ನ ಉಸಿರು ತಾಗಿರಬಹುದು ಎನ್ನಿಸಿತು. ಕೈಯ ಬೆವರಿರಬಹುದು ಎನ್ನಿಸಿತು. ಕಳೆದ ವಾರದ ಎರಡು ಸಲವೂ ಹೀಗೆಯೇ ಕಂಡಿತ್ತಲ್ಲ ಎನ್ನಿಸಿತು. ನಿಜ ಹೇಳಬೇಕೆಂದರೆ, ಹೀಗೆಯೇ ಕಂಡಿರಲಿಲ್ಲ. ಆಗ ಇದ್ದದ್ದು ಇದೆಯೋ ಇಲ್ಲವೋ ಎಂಬಂಥ ಮಬ್ಬು. ಈಗಿನದಕ್ಕೆ ಅಂಚು ಇತ್ತು. ಆ ವ್ಯತ್ಯಾಸ ನನಗೆ ಆ ಕ್ಷಣದಲ್ಲೇ ತಿಳಿದಿತ್ತು. ನಾನು ಹೆಬ್ಬೆರಳಿನಿಂದ ಅದನ್ನು ಒರೆಸಿದೆ. ಆಮೇಲೆ ಪ್ಲೇಟನ್ನು ಮೇಸ್ತ್ರಿಗೆ ತೋರಿಸಿದೆ.

"ಒಣಗಿದೆ," ಎಂದೆ. ಎಂದಿಗಿಂತ ಜೋರಾಗಿಯೇ ಹೇಳಿದೆ.

ಅವರು ನನ್ನ ಮುಖ ನೋಡಿ ನಕ್ಕರು. "ಹಾಂ, ಹಿಂಗಿರ್ಬೇಕು," ಎಂದರು. ಪ್ಲೇಟನ್ನು ನೋಡಿದರು. "ಒಣಗಿದೆ!"

ನಾನು ಎರಡನೆಯ ಕಂಬದ ಹತ್ತಿರಕ್ಕೆ ಸರಿದೆ. ಕರಗಿದ ಕಬ್ಬಿಣದ ದೊಡ್ಡ ಬಕೆಟ್ಟು ಕ್ರೇನಿನಲ್ಲಿ ತೂಗುತ್ತಾ ಬಂತು. ಅದನ್ನು ಬಾಗಿಸುವ ಚಕ್ರವನ್ನು ಮೇಸ್ತ್ರಿ ಬಲಗೈಯಲ್ಲಿ ತಿರುಗಿಸಿದರು. ಅರ್ಧದಷ್ಟು ಹೊಯ್ದಿರಬಹುದು, ಅಚ್ಚಿನೊಳಗಿನಿಂದ ಯಾರೋ ಗುಕ್ಕು ನುಂಗಿದಂಥ ಸದ್ದು ಬಂತು. ಆಗ ನಿಲ್ಲಿಸಬಹುದಿತ್ತು. ಮೇಸ್ತ್ರಿ ನಿಲ್ಲಿಸಲಿಲ್ಲ. "ಏನಿಲ್ಲ, ಏನಿಲ್ಲ," ಎಂದು ಇನ್ನಷ್ಟು ಬಾಗಿಸಿದರು. ಅಂಥ ಸಣ್ಣ ಸದ್ದುಗಳನ್ನು ಅವರು ಮೂವತ್ತು ವರ್ಷ ಹಾಗೆಯೇ ದಾಟಿಸಿಕೊಂಡು ಬಂದಿದ್ದರು. ಎಣಿಸಿದರೆ ಐದೋ ಆರೋ ಸೆಕೆಂಡು. ಅಚ್ಚು ಹಾರಿತು. ಕಬ್ಬಿಣ ಚಾವಣಿಯ ಕಡೆಗೆ ಎದ್ದು ಬಿತ್ತು.

ಮೇಸ್ತ್ರಿಯ ಕೈ ಚಕ್ರದ ಮೇಲೇ ಇತ್ತು. ಕೈಗವಸು ಉರಿಯುತ್ತಿತ್ತು. ಅವರು ಕೂಗಲಿಲ್ಲ, ಹಿಂದೆ ಸರಿಯಲೂ ಇಲ್ಲ. ಅಚ್ಚನ್ನು ನೋಡುತ್ತಾ ನಿಂತಿದ್ದರು. ನೋವಿಗಿಂತ ಮೊದಲು ಅವರ ಮುಖದಲ್ಲಿ ಬಂದದ್ದು ನಂಬಲಾಗದ ಭಾವ.

ನಾನು ಓಡಿದೆ. ಚಕ್ರವನ್ನು ಹಿಂದಕ್ಕೆ ತಿರುಗಿಸಿದೆ. ಕ್ರೇನಿನವನಿಗೆ "ಹಿಂದಕ್ಕೆ ತಗೋ!" ಎಂದು ಕೂಗಿದೆ. ಮೇಸ್ತ್ರಿಯನ್ನು ಸೊಂಟ ಹಿಡಿದು ಎಳೆದೆ. ಕೈಗವಸು ಕಿತ್ತೆ. ಹರಿದು ಬರುತ್ತಿದ್ದ ಕಬ್ಬಿಣದ ದಾರಿಗೆ ಒಣ ಮರಳು ಸುರಿದೆ. ಅವರನ್ನು ಹೊರಗಿನ ನಲ್ಲಿಗೆ ಕರೆದೊಯ್ದು ಕೈಗೆ ನೀರು ಬಿಟ್ಟೆ. ಒಂದು ಹೆಜ್ಜೆಯೂ ತಪ್ಪಲಿಲ್ಲ. ಅದಕ್ಕೆ ಕಾರಣ ಧೈರ್ಯವಲ್ಲ. ಹನ್ನೊಂದು ವರ್ಷ, ಪ್ರತಿಯೊಂದು ಎರಕದಲ್ಲೂ, ನಾನು ಆ ಕಂಬದ ಪಕ್ಕ ನಿಂತು ಮನಸ್ಸಿನಲ್ಲೇ ಅಚ್ಚು ಹಾರಿಸಿ, ಮನಸ್ಸಿನಲ್ಲೇ ಮರಳಿಗೆ ಓಡಿದ್ದೆ. ಮೇಸ್ತ್ರಿ ಒಮ್ಮೆಯೂ ಹಾಗೆ ಯೋಚಿಸಿದವರಲ್ಲ. ತಪ್ಪಾದ ಮೇಲೆ ಏನು ಮಾಡಬೇಕೆಂಬುದು ಅವರಿಗೆ ಹೊಸದು.

ಮರುದಿನ ಮಾಲೀಕರು ನನ್ನನ್ನು ಎಲ್ಲರ ಮುಂದೆ ಹೊಗಳಿದರು. ಕ್ರೇನಿನವನು "ಸಾರ್, ಇನ್ಮೇಲೆ ನಿಮ್ಮನ್ನ ಏನೂ ಅನ್ನಲ್ಲ" ಎಂದು ನನ್ನ ಕೈ ಹಿಡಿದುಕೊಂಡ. ಆಮೇಲೆ ಮಾಲೀಕರು ಆಫೀಸಿಗೆ ಕರೆದು ಒಂದೊಂದಾಗಿ ವಿಚಾರಿಸಿದರು.

"ಪ್ಲೇಟು ಹೇಗಿತ್ತು?"

"ಕ್ಲೀನ್ ಇತ್ತು ಸಾರ್."

"ಮೇಸ್ತ್ರಿ ನೋಡಿದ್ರಾ?"

"ನೋಡಿದ್ರು ಸಾರ್."

ಇಷ್ಟೇ. ನಾನು ಮೇಸ್ತ್ರಿಗೆ ತೋರಿಸಿದಾಗ ಪ್ಲೇಟು ಕ್ಲೀನ್ ಇದ್ದದ್ದು ನಿಜ. ಸುಳ್ಳು ಹೇಳಲಿಲ್ಲ ಎಂದು ಅದನ್ನೇ ಹಿಡಿದುಕೊಂಡು ಅಲ್ಲಿಂದ ಹೊರಗೆ ಬಂದೆ. ಹಸಿ ಇದ್ದದ್ದು ಒಡೆದ ಅಚ್ಚಿನಿಂದ ಗೊತ್ತಾಗಿತ್ತು. ನಾನು ಯಾವಾಗಲೂ ಅತಿ ಎಚ್ಚರದವನೆಂಬುದೂ ಎಲ್ಲರಿಗೂ ಗೊತ್ತಿತ್ತು. ಆದ್ದರಿಂದ ಮಸುಕನ್ನು ಕಾಣದೆ ಹೋದವರು ಮೇಸ್ತ್ರಿಯೇ ಎಂದು ತೀರ್ಮಾನವಾಯಿತು. ವಯಸ್ಸಾಯಿತು, ಕಣ್ಣು ಮಂದವಾಗಿದೆ, ಧಿಮಾಕು ಮಾತ್ರ ಕಡಿಮೆಯಾಗಿಲ್ಲ ಎಂದರು. ಮನೆಯಲ್ಲಿ ಇರಿ ಎಂದು ಅವರಿಗೆ ಹೇಳಿಕಳುಹಿಸಿದರು. ಅವರ ಜಾಗಕ್ಕೆ ನನ್ನನ್ನು ಹಾಕಿದರು.

ಐದು ವಾರ ಬಿಟ್ಟು ಅವರ ಮನೆಗೆ ಹೋದೆ. ಬಲಗೈಯ ಮೂರು ಬೆರಳು ಮಡಚುತ್ತಿರಲಿಲ್ಲ. ಅದಕ್ಕೆ ನಾನು ಸಿದ್ಧವಾಗಿಯೇ ಹೋಗಿದ್ದೆ. ಸಿದ್ಧವಿರದಿದ್ದುದು ಇನ್ನೊಂದಕ್ಕೆ. ಮಗಳು ಚಹಾ ತಂದಿಟ್ಟಳು. ಅವರು ಲೋಟ ಮುಟ್ಟುವ ಮೊದಲು "ಬಿಸಿ ಇದೆಯಾ? ಸರಿಯಾಗಿ ನೋಡ್ದೆಯಾ?" ಎಂದು ಕೇಳಿದರು. ಸ್ವಲ್ಪ ಹೊತ್ತಿಗೆ ಎದ್ದುಹೋಗಿ ಗ್ಯಾಸಿನ ಒಲೆ ಆರಿದೆಯೇ ಎಂದು ನೋಡಿ ಬಂದರು. ಕೂತು, ಮತ್ತೆ ಎದ್ದುಹೋದರು.

"ಅಬ್ಬಾ, ಹಿಂಗೇ ದಿನಾ," ಎಂದಳು ಮಗಳು, ಅವರು ಒಳಗಿದ್ದಾಗ. "ಕಣ್ಣಿನ ಡಾಕ್ಟರ್ ಹತ್ರ ಎರಡು ಸಲ ಹೋಗಿಬಂದ್ರು. ಏನೂ ಇಲ್ಲ ಅಂದ್ರು ಅವ್ರು. ಇವ್ರು ನಂಬಲ್ಲ."

ಮೇಸ್ತ್ರಿ ಬಂದು ಕೂತರು. "ನಾನು ನೋಡ್ದೆ ಮಾರಾಯ. ನನ್ನ ಕಣ್ಣಾರೆ ನೋಡ್ದೆ. ಏನೂ ಕಾಣ್ಲಿಲ್ಲ. ಇದ್ದದ್ದೇ ಕಾಣ್ಲಿಲ್ಲ ಅಂದ್ರೆ ಇನ್ನು ಯಾವುದನ್ನ ನಂಬ್ಲಿ ಹೇಳು?"

ಆ ದಿನ ನಾನು ಹೇಳಲಿಲ್ಲ. ಚಹಾ ಕುಡಿದು ಎದ್ದುಬಂದೆ. ಬೀದಿಯ ತಿರುವಿನವರೆಗೆ ಬಂದು, ವಾಪಸ್ಸು ಹೋಗಿ, ಅವರ ಗೇಟಿನ ಹತ್ತಿರ ನಿಂತು, ಮತ್ತೆ ತಿರುಗಿ ಬಂದೆ. ಬೆಂದ ಕೈ ಹಾಗೂ ಹೀಗೂ ಮಾಯುತ್ತದೆ. ಆದರೆ ನನ್ನ ಕಾಯಿಲೆಯನ್ನು ನಾನು ಅವರಿಗೆ ಅಂಟಿಸಿಬಿಟ್ಟಿದ್ದೆ. ನನ್ನ ತಂದೆ ಇಲ್ಲದ ತಪ್ಪನ್ನು ಹುಡುಕಲು ಹೇಳುತ್ತಿದ್ದರು. ಈ ಮನುಷ್ಯನೂ ತಾನು ಮಾಡದ ತಪ್ಪನ್ನು ತನ್ನ ಕಣ್ಣೊಳಗೆ ಹುಡುಕುತ್ತಾ ಕೂತಿದ್ದರು. ಅದು ಅಲ್ಲಿಲ್ಲ ಎಂದು ಹೇಳಬಲ್ಲವನು ಭೂಮಿಯ ಮೇಲೆ ನಾನೊಬ್ಬನೇ ಎಂದುಕೊಂಡಿದ್ದೆ.

ಮುಂದಿನ ಭಾನುವಾರ ಬೆಳಿಗ್ಗೆ ಹೋದೆ. ಕೂರುವ ಮೊದಲೇ, ಬಾಗಿಲಿನಲ್ಲೇ ಹೇಳಿದೆ. "ಮೇಸ್ತ್ರಿ, ಮಸುಕು ಇತ್ತು. ನಿಮಗೆ ತೋರಿಸೋ ಮುಂಚೆ ನಾನು ಒರೆಸಿದೆ."

ಅವರು ನನ್ನ ಹೆಬ್ಬೆರಳನ್ನು ನೋಡಿದರು.

"ಎಷ್ಟಿತ್ತು?"

ಉಗುರು ತೋರಿಸಿದೆ.

"ಅಂಚು ಇತ್ತಾ?"

"ಇತ್ತು."

"ಮತ್ತೆ ಯಾಕೆ ಒರೆಸ್ದೆ?"

"ನನ್ನ ಅನುಮಾನವೇ ಇರ್ಬೇಕು ಅಂದ್ಕೊಂಡೆ."

ಅವರು ಎಡಗೈಯಿಂದ ಎರಡೂ ಕಣ್ಣುಗಳನ್ನು ಮುಚ್ಚಿಕೊಂಡರು. ಅಳುತ್ತಿದ್ದಾರೆ ಎಂದುಕೊಂಡೆ. ಕೈ ತೆಗೆದಾಗ ಕಣ್ಣು ಒಣಗಿತ್ತು. ಅವರು ಎದುರುಗೋಡೆಯ ಕ್ಯಾಲೆಂಡರನ್ನು ನೋಡಿ ಆ ದಿನದ ತಾರೀಖನ್ನೂ ಅದರ ಕೆಳಗಿನ ಸಣ್ಣ ಅಕ್ಷರಗಳನ್ನೂ ಗಟ್ಟಿಯಾಗಿ ಓದಿದರು. "ಸರಿಯಿದೆ," ಎಂದರು. ನನಗೆ ಹೇಳಿದ್ದಲ್ಲ ಅದು.

ಆಮೇಲೆ ನನ್ನ ಕಡೆ ತಿರುಗಿದರು. "ನಂಗೆ ಹೇಳಿದ್ದು ಸಾಲ್ದು. ನನ್ನ ಕಣ್ಣು ಹೋಗಿದೆ ಅಂತ ಅಲ್ಲಿ ಎಲ್ರೂ ತಿಳ್ಕೊಂಡಿದಾರೆ. ಅಲ್ಲೇ ನಿಂತು ಹೇಳು. ನಾನೂ ಬರ್ತೀನಿ."

ಸೋಮವಾರ ಹತ್ತು ಗಂಟೆಗೆ, ಕುಲುಮೆ ಹೊತ್ತಿಸುವ ಮೊದಲು, ಮಾಲೀಕರನ್ನೂ ಕರೆಸಿ, ಎಲ್ಲರ ಮುಂದೆ ಹೇಳಿದೆ. ಮಾತು ಎಲ್ಲರಿಗೂ ಕೇಳುವಷ್ಟು ಜೋರಾಗಿಯೇ ಇತ್ತು. ಮೇಸ್ತ್ರಿ ನನ್ನಿಂದ ಎರಡು ಮಾರು ದೂರದಲ್ಲಿ ಕೈಕಟ್ಟಿ ನಿಂತಿದ್ದರು. ಮೊದಲು ಬಾಯಿಬಿಟ್ಟವಳು ಇದ್ದಿಲಿನ ಹೆಂಗಸು.

"ಒರೆಸಿದ್ದು ನಾನು ನೋಡಿದ್ದೆ ಸಾರ್. ನೀವು ಯಾವಾಗ್ಲೂ ಏನಾದ್ರೂ ಒರೆಸ್ತಾನೇ ಇರ್ತೀರಲ್ಲ, ಇದೂ ಹಂಗೇ ಅಂತ ಸುಮ್ನಾದೆ."

"ನಾನೂ ನೋಡ್ದೆ," ಎಂದ ಕ್ರೇನಿನವನು, ನೆಲ ನೋಡುತ್ತಾ. ಅವನಿಂದ ತಮಾಷೆ ಬರಲಿಲ್ಲ.

ಇಷ್ಟು ವರ್ಷ ನಾನು ಎಲ್ಲದಕ್ಕೂ ಒಂದೇ ಸಮ ಅನುಮಾನಪಟ್ಟಿದ್ದೆ. ಆದ್ದರಿಂದ ನಿಜವಾದ ಅನುಮಾನ ಬಂದ ದಿನ ಅದನ್ನು ಗುರುತಿಸಿಯೂ ನಾನು ನಂಬಲಿಲ್ಲ, ನೋಡಿದವರು ಗುರುತಿಸಲೇ ಇಲ್ಲ.

ಮೇಸ್ತ್ರಿಯನ್ನು ಮಾಲೀಕರು ವಾಪಸ್ಸು ಕರೆದರು. ಅವರು ಕಬ್ಬಿಣ ಹೊಯ್ಯಲು ಬರಲಿಲ್ಲ, ಕೈ ಆಗುತ್ತಿರಲಿಲ್ಲ. ವಾರಕ್ಕೆ ಮೂರು ದಿನ ಬಂದು ಅಚ್ಚುಗಳನ್ನು ನೋಡಿ, ಹೊಯ್ಯಬಹುದೇ ಬೇಡವೇ ಎಂದು ಹೇಳುತ್ತಿದ್ದರು. ಗಟ್ಟಿಯಾಗಿಯೇ ಹೇಳುತ್ತಿದ್ದರು. ಬಸ್ಸಿನಲ್ಲಿ ಮಾತ್ರ ಮುಂದಿನ ಸೀಟಿನಲ್ಲಿ ಕೂರುತ್ತಿದ್ದರು. ನನ್ನ ಪಕ್ಕದ ಸೀಟು ಖಾಲಿಯಿದ್ದರೂ. ಕ್ಷಮಿಸಿದರೇ ಎಂದು ನಾನು ಕೇಳಿಲ್ಲ, ಅವರು ಹೇಳಿಲ್ಲ. ನಾನು ಅವರ ಜಾಗವನ್ನು ಬಿಟ್ಟುಕೊಟ್ಟು, ಆ ವರ್ಷದ ಕೊನೆಯಲ್ಲಿ ಫೌಂಡ್ರಿಯನ್ನೂ ಬಿಟ್ಟೆ.

ಇಲ್ಲಿ ಬರೆದದ್ದರ ಮೇಲೆ ಅನುಮಾನ ಬಂದವರು ಕಂಡವರನ್ನೇ ಕೇಳಬಹುದು. ನಾನು ಒರೆಸಿದ್ದನ್ನು ಮಾಲೀಕರು ಕಂಡಿರಲಿಲ್ಲ, ಅವರು ಈಗಿಲ್ಲ. ಕಂಡವರಲ್ಲಿ ಕ್ರೇನಿನವನು ಭದ್ರಾವತಿಯಲ್ಲೇ ಇದ್ದಾನೆ, ಈಗ ಗೂಡ್ಸ್ ಆಟೋ ಓಡಿಸುತ್ತಾನೆ. ಇದ್ದಿಲಿನ ಹೆಂಗಸು ಇದ್ದಾಳೆ, ಮಗನ ಮನೆಯಲ್ಲಿ, ಶಂಕರಘಟ್ಟದ ದಾರಿಯಲ್ಲಿ. ಅಚ್ಚು ಹಾರಿದ್ದನ್ನು ಎಲ್ಲರಿಗಿಂತ ಹತ್ತಿರದಿಂದ ಕಂಡ ಮೇಸ್ತ್ರಿ ಶಿವಮೊಗ್ಗದಲ್ಲಿ ಇದ್ದಾರೆ.