ಅರ್ಧ ಮುಚ್ಚಿ ಲೆಕ್ಕ ಬಿಡಿಸುವ ಟೀಚರ್

ಬೆಳಕು ಹರಿಯುವ ಹೊತ್ತು. ಹೊಲಿಗೆ ಅಂಗಡಿಯ ಷಟರ್ ಇನ್ನೂ ಅರ್ಧವೇ ಮೇಲೆದ್ದಿದೆ. ಒಳಗೆ ಬಟ್ಟೆ ಕತ್ತರಿಸುವ ಮೇಜಿನ ಪಕ್ಕ ಟೀಚರ್ ಎರಡು ದಾರದ ರೀಲು ಹಿಡಿದು ನಿಂತಿದ್ದಾರೆ. ಒಂದನ್ನು ಸುಮ್ಮನೆ ಕೈಬಿಡುತ್ತಾರೆ, ಅದೇ ಗಳಿಗೆಗೆ ಇನ್ನೊಂದನ್ನು ನೇರ ಮುಂದಕ್ಕೆ ಎಸೆಯುತ್ತಾರೆ. ಒಂದು ಕಾಲಬುಡದಲ್ಲಿ ಬೀಳುತ್ತದೆ, ಇನ್ನೊಂದು ಬಾಗಿಲ ಬಳಿ. ಸದ್ದು ಮಾತ್ರ ಒಟ್ಟಿಗೇ ಕೇಳುತ್ತದೆ.

"ಮುಂದಕ್ಕೆ ಹೋಗೋದು ಒಂದು ಕೆಲಸ, ಕೆಳಗೆ ಬೀಳೋದು ಇನ್ನೊಂದು. ಅದರ ಉಸಾಬರಿ ಇದಕ್ಕಿಲ್ಲ," ಎನ್ನುತ್ತಾರೆ.

ಇಲ್ಲಿ ಪಾಠಕ್ಕೆ ಬಂದು ಕೂತವರೆಲ್ಲ ಫಿಸಿಕ್ಸ್‌ನಲ್ಲಿ ಡುಮ್ಕಿ ಹೊಡೆದವರು. ಹಗಲೆಲ್ಲ ದುಡಿಮೆ, ಆದ್ದರಿಂದ ಪಾಠ ಬೆಳಿಗ್ಗೆಯೇ. ಎಸೆದ ವಸ್ತು ಎಲ್ಲಿ ಬೀಳುತ್ತದೆಂಬ ಪ್ರೊಜೆಕ್ಟೈಲ್ ಲೆಕ್ಕ ಬಂತೆಂದರೆ ಎಲ್ಲರದೂ ಒಂದೇ ತಪ್ಪು: ಮುಂದಕ್ಕೆ ಎಸೆದ ವೇಗವನ್ನು ಒಯ್ದು ಕೆಳಗೆ ಬೀಳುವ ಸೂತ್ರಕ್ಕೆ ತುರುಕುವುದು.

ಟೀಚರಿಗೆ ಈ ತಪ್ಪು ಹಳೆಯ ನೆಂಟ. ಅವರೂ ಇದರಲ್ಲೇ ಎರಡು ಸಲ ಮುಗ್ಗರಿಸಿದವರು. ಆಗ ಇದೇ ಮೇಜಿನ ಮೇಲೆ ತಲೆಯಿಟ್ಟು ಅಳುತ್ತಿದ್ದ ತಂಗಿಯನ್ನು ನೋಡಿ, ಹೊಲಿಯುತ್ತಿದ್ದ ಅಕ್ಕ ಎದ್ದು ಬಂದರು. ಫಿಸಿಕ್ಸ್ ಅವರಿಗೆ ಅಷ್ಟಕ್ಕಷ್ಟೆ. ಒಂದು ಬಟ್ಟೆ ತುಂಡು ತಂದು ಲೆಕ್ಕದ ಹಾಳೆಯನ್ನು ಅರ್ಧ ಮುಚ್ಚಿದರು. ಕಾಣುವುದನ್ನು ಮೊದಲು ಮುಗಿಸು ಎಂದು ಹೇಳಿ ಮತ್ತೆ ಮಿಷನ್ ತುಳಿಯತೊಡಗಿದರು. ಟೀಚರ್ ಪಾಸಾದರು. ಈಗ ಎರಡು ಕಾಲೇಜುಗಳ ನಡುವೆ ಬಸ್ಸಿನಲ್ಲಿ ಓಡಾಡುತ್ತ ಪಾಠ ಹೇಳುತ್ತಾರೆ. ಕೆಲಸ ಇನ್ನೂ ಕಾಯಂ ಆಗಿಲ್ಲ.

"ಅಕ್ಕ ಇಲ್ದಿದ್ರೆ ನಾನಿವತ್ತು ಇಲ್ಲಿ ಗುಂಡಿ ಹಚ್ಕೊಂಡು ಕೂತಿರ್ತಿದ್ದೆ," ಎನ್ನುತ್ತಾರೆ ಟೀಚರ್.

"ಅದನ್ನೂ ನೆಟ್ಟಗೆ ಹಚ್ತಿರ್ಲಿಲ್ಲ," ಎಂದು ಅಕ್ಕ ಸೂಜಿಗೆ ದಾರ ಪೋಣಿಸುತ್ತಾರೆ.

ಇವತ್ತು ಪಾಠಕ್ಕೆ ಬರುವ ಆಸ್ಪತ್ರೆಯ ಆಯಾ ಒಬ್ಬರಿಗೆ ಪರೀಕ್ಷೆ. ಎಕ್ಸ್‌ರೇ ತರಬೇತಿಗೆ ಸೇರಲು ಇದೊಂದೇ ವಿಷಯ ಬಾಕಿ, ನಿಯಮದಂತೆ ಇದೇ ಕೊನೆಯ ಅವಕಾಶ. ಹೊರಡುವ ಮುಂಚೆ ಟೀಚರ್ ಒಂದು ಲೆಕ್ಕ ಕೊಡುತ್ತಾರೆ: ಇಪ್ಪತ್ತು ಮೀಟರ್ ಎತ್ತರದ ತಾರಸಿಯಿಂದ ಸೆಕೆಂಡಿಗೆ ಹದಿನೈದು ಮೀಟರ್ ವೇಗದಲ್ಲಿ ನೇರ ಮುಂದಕ್ಕೆ ಚೆಂಡು ಎಸೆದರೆ ಎಷ್ಟು ದೂರ ಹೋಗಿ ಬೀಳುತ್ತದೆ? ಗಾಬರಿಯಲ್ಲಿ ಆಯಾ ಮತ್ತೆ ಆ ಹದಿನೈದನ್ನು ಎತ್ತರದ ಸೂತ್ರಕ್ಕೇ ಹಾಕುತ್ತಾರೆ. ಟೀಚರ್ ಬೈಯುವುದಿಲ್ಲ. ಹದಿನೈದರ ಮೇಲೆ ಬಟ್ಟೆ ತುಂಡು ಹೊದಿಸುತ್ತಾರೆ. ಉಳಿದದ್ದು ಎತ್ತರ ಮಾತ್ರ. ಬೀಳಲು ಎರಡು ಸೆಕೆಂಡು ಎಂದು ಬರುತ್ತದೆ. ಬಟ್ಟೆ ಸರಿಸಿದರೆ ಹದಿನೈದೆರಡ್ಲ ಮೂವತ್ತು ಮೀಟರ್.

ಪರೀಕ್ಷೆಯ ಕೋಣೆಗೆ ಬಟ್ಟೆ ತುಂಡು ಬಿಡುವುದಿಲ್ಲವಲ್ಲ ಎಂಬುದು ಆಯಾ ಅವರ ಚಿಂತೆ. ಅವರು ಹೋದ ಮೇಲೆ ಟೀಚರಿಗೆ ಕೂತಲ್ಲಿ ನಿಂತಲ್ಲಿ ಸಮಾಧಾನವಿಲ್ಲ. ಇವತ್ತು ಅವರ ಎರಡೂ ಕಾಲೇಜಿಗೆ ರಜೆ, ಒಳಗೂ ಹೊರಗೂ ಶತಪಥ ಹಾಕುತ್ತಾರೆ.

ಮಧ್ಯಾಹ್ನ ಷಟರ್ ಬಳಿ ಆಯಾ ಕಾಣಿಸುತ್ತಾರೆ. ಎಡಗೈ ಚಾಚುತ್ತಾರೆ. ಅಂಗೈ ತುಂಬ ನೀಲಿ ಶಾಯಿ. ಶಾಯಿ ಒಣಗದ ಹಾಳೆಯಲ್ಲಿ ವೇಗವನ್ನು ಅದೇ ಕೈಯಿಂದ ಮುಚ್ಚಿಕೊಂಡು ಲೆಕ್ಕ ಬರೆದಿದ್ದಾರೆ.

"ನಲವತ್ತೈದು ಮೀಟರ್ ಎತ್ತರ ಕೊಟ್ಟಿದ್ರು ಮೇಡಂ. ಮೂರು ಸೆಕೆಂಡು ಬಂತು."

ಟೀಚರ್ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ. ಮೂರೇ. ಕಣ್ಣು ತುಂಬಿಕೊಂಡು ಆ ಕೈಯನ್ನು ಹಿಡಿದು ಅಕ್ಕನಿಗೆ ತೋರಿಸುತ್ತಾರೆ.

ಅಕ್ಕ ಹೊಲಿಯುತ್ತಿದ್ದ ಬಿಳಿ ಬಟ್ಟೆಯನ್ನು ಸರಕ್ಕನೆ ಹಿಂದಕ್ಕೆಳೆದುಕೊಳ್ಳುತ್ತಾರೆ. ಮೊದಲು ಕೈ ತೊಳೆದುಕೊಂಡು ಬಾ ಎಂದು ಆಯಾಗೆ ಹೇಳುತ್ತಾರೆ.

"ಬೇಡ ಅಕ್ಕಾ," ಎನ್ನುತ್ತಾರೆ ಟೀಚರ್. "ಸ್ವಲ್ಪ ಹೊತ್ತು ಹಾಗೇ ಇರ್ಲಿ. ಅದು ನೀನು ಅವತ್ತು ಮುಚ್ಚಿದ ಬಟ್ಟೆ ತುಂಡೇ."