ನಾನು ಹೇಳಿಕೊಟ್ಟ ಉತ್ತರ

ಸುಂಟಿಕೊಪ್ಪದ ಬಾಡಿಗೆ ಮನೆಗೆ ಬಂದ ದಿನ ಹಿತ್ತಲ ಬಾಗಿಲು ತೆಗೆದೆ. ಇನ್ನೊಂದು ಮನೆಯ ಹೆಂಚು ನನ್ನ ಕಾಲಿನ ಕೆಳಗಿತ್ತು. ಒಂದು ಹೆಜ್ಜೆ ಮುಂದಿಟ್ಟಿದ್ದರೆ ಮಾಡಿನ ಮೂಲಕವೇ ಅವರ ಅಡುಗೆಮನೆಗೆ ಇಳಿಯುತ್ತಿದ್ದೆ. ನಾನು ಅರಸೀಕೆರೆ ಕಡೆಯವಳು. ನಮ್ಮಲ್ಲಿ ಒಬ್ಬರ ಮನೆಯ ಮಾಡನ್ನು ಮೇಲಿನಿಂದ ನೋಡುವುದು ಕಾಗೆ ಮಾತ್ರ. ಮುಂಬಾಗಿಲು ತೆಗೆದರೆ ಎದುರು ಮನೆಯ ಅಂಗಳ ನನ್ನ ತಲೆಗಿಂತ ಮೇಲೆ. ಅವರು ಚೆಲ್ಲಿದ ನೀರು ನಮ್ಮ ಚರಂಡಿಗೆ ಬಂದು, ಆಮೇಲೆ ಕೆಳಗಿನವರ ಪಾಲಾಗುತ್ತದೆ. ಇಲ್ಲಿ ಮೇಲಿನವರಿದ್ದಾರೆ, ಕೆಳಗಿನವರಿದ್ದಾರೆ, ಪಕ್ಕದವರು ಎಂಬುವರಿಲ್ಲ.

ಊರು ನೋಡಲು ಬಂದವಳಲ್ಲ ನಾನು. ಮೊಮ್ಮಗಳು ಸವಿತಳಿಗೆ ಮನೆ ಸಿಗಲಿ ಎಂದು ಬಂದೆ. ಮೂವತ್ತೊಂದು ವರ್ಷದ, ಮದುವೆಯಾಗದ ಹುಡುಗಿಗೆ ಮನೆ ಕೊಡುವುದಿಲ್ಲ ಎಂದು ಮಡಿಕೇರಿಯಿಂದ ಕುಶಾಲನಗರದವರೆಗೂ ಹೇಳಿಸಿಕೊಂಡ ಮೇಲೆ ಅವಳು ನನ್ನನ್ನು ಬಸ್ಸು ಹತ್ತಿಸಿದಳು. ಇಲ್ಲಿಯ ಮಾಲೀಕರೂ ವಿಚಾರಣೆ ಮಾಡಿದರು.

"ಯಾವ ಸ್ಕೂಲಲ್ಲಿ ಟೀಚರು?"

"ಸ್ಕೂಲಲ್ಲ ಸರ್, ಯೂನಿವರ್ಸಿಟಿ. ಭೂಮಿ, ಆಕಾಶದ ವಿಷಯಾನ ಜನ ಹೇಗೆ ಕಲೀತಾರೆ ಅಂತ ಸಂಶೋಧನೆ."

"ಹಾಗಾದ್ರೆ ನೀವು ಕಲಿಸೋದಿಲ್ಲ."

"ಇಲ್ಲ."

"ಕಲಿಯೋದೂ ಇಲ್ಲ."

"ಕಲಿಯೋರನ್ನ ನೋಡ್ತೀನಿ ಸರ್."

ಅವರು ನನ್ನ ಕಡೆ ತಿರುಗಿದರು. "ಅಜ್ಜಿ ಇಲ್ಲೇ ಇರ್ತಾರಲ್ಲ?" ಇರುತ್ತೇನೆ ಎಂದೆ. ಕೀಲಿ ಕೊಟ್ಟರು.

ಆ ಕೆಲಸ ಏನೆಂದು ನನಗೂ ತಿಳಿಯಲು ಒಂದು ತಿಂಗಳು ಬೇಕಾಯಿತು. ಗುಡ್ಡ ಕುಸಿದ ಊರುಗಳಿಗೆ ಅವಳು ಹೋಗುತ್ತಾಳೆ, ಮೊಬೈಲು ಮುಂದಿಟ್ಟು ಒಂದೇ ಪ್ರಶ್ನೆ ಕೇಳುತ್ತಾಳೆ: "ಮಳೆ ನೀರು ಮಣ್ಣಿಗೆ ಇಳಿದ ಮೇಲೆ ಎಲ್ಲಿಗೆ ಹೋಗುತ್ತೆ?" ಜನ ಹೇಳಿದ್ದನ್ನು ತುಂಬಿಕೊಂಡು ಬಂದು, ಮನೆಯಲ್ಲಿ ಮತ್ತೆ ಮತ್ತೆ ಹಾಕಿ ಕೇಳಿ ಬರೆಯುತ್ತಾಳೆ. ಅವಳದು ಕಾಯಂ ಕೆಲಸವಲ್ಲ. ಮುಂದಿನ ಮಳೆಗಾಲದೊಳಗೆ ಇದನ್ನು ಮುಗಿಸಿ ತೋರಿಸಿದರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಮುಗಿದರೆ ನಾನೂ ಊರಿಗೆ ಹೋಗಬಹುದು. ನನ್ನ ಕಣ್ಣು ಇದ್ದದ್ದು ಅಲ್ಲಿ.

ಯಾಕೆಂದರೆ ನನಗೆ ಇಲ್ಲಿ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಊರಲ್ಲಿ ಬೆಳಗಾದರೆ ರಸ್ತೆ ಆ ತುದಿಯವರೆಗೂ ಕಾಣುತ್ತಿತ್ತು. ಯಾರು ಹೋದರು, ಯಾರು ಬಂದರು, ಯಾರ ಮಗಳು ಮುಖ ಊದಿಸಿಕೊಂಡು ತವರಿಗೆ ಬಂದಳು, ಎಲ್ಲ ಜಗಲಿಯಿಂದಲೇ ಗೊತ್ತಾಗುತ್ತಿತ್ತು. ಇಲ್ಲಿ ರಸ್ತೆ ನಾಲ್ಕು ಮಾರು ಹೋಗಿ ತಿರುಗಿಬಿಡುತ್ತದೆ. ಅಂಗಡಿಗೆ ಹೋದರೆ ಅಕ್ಕಿ ಕೊಡುವವನು ಮಲಯಾಳದಲ್ಲಿ ಮಾತಾಡುತ್ತಾನೆ, ಬಾಳೆಹಣ್ಣಿನವನು ತುಳು, ಬಸ್ಸಿನವನು ಅರೆಭಾಷೆ. ಅದೂ ಕನ್ನಡವೇ ಅಂತೆ, ಆದರೆ ನನಗೆ ಹೆಸರಿಗೆ ತಕ್ಕಂತೆ ಅರ್ಧವೇ ತಿಳಿಯುತ್ತದೆ. ಕುಚ್ಚಲಕ್ಕಿ ಅನ್ನ ಗಂಟಲಲ್ಲಿ ನಿಲ್ಲುತ್ತಿತ್ತು. ರಾಗಿ ಬೇಕೆಂದರೆ ಕುಶಾಲನಗರದ ಸಂತೆಗೆ ಹೋಗಬೇಕು. ಮೊದಲ ಸಲ ಒಬ್ಬಳೇ ಹೋಗಿ, ಸರಿಯಾದ ಬಸ್ಸಿನಲ್ಲಿ ವಾಪಸು ಬಂದು ಮುದ್ದೆ ತಿರುವಿದ ದಿನ ಸವಿತ ನನ್ನ ಫೋಟೋ ಹಿಡಿದಳು. ಮುದ್ದೆಯ ಫೋಟೋ ಹಿಡಿ, ನನ್ನದ್ಯಾಕೆ ಎಂದೆ.

ನನಗೆ ಸಿಕ್ಕ ಜನವೆಂದರೆ ಲೈನಿನವರು. ಎಸ್ಟೇಟಿನ ಆಳುಗಳಿಗೆ ಸಾಲಾಗಿ ಕಟ್ಟಿದ ಮನೆಗಳಿಗೆ ಇಲ್ಲಿ ಲೈನು ಎನ್ನುತ್ತಾರೆ. ನಮ್ಮ ಮನೆಯ ಕೆಳಗೇ ಒಂದು ಲೈನು, ಅದರ ಮುಂದೆ ನಲ್ಲಿ. ಸೆಲ್ವಿ ಎಂಬವಳು ನನ್ನನ್ನು ಪಾಟಿ ಎಂದಳು. ತಮಿಳಿನಲ್ಲಿ ಅಜ್ಜಿ ಎಂದರ್ಥ. ಕಾಫಿ ಪಿಕ್ಕಿಂಗ್ ಮುಗಿಸಿ ಬಂದ ಹೆಂಗಸರು ಅಲ್ಲಿ ಸೇರಿದರೆ ನಾನೂ ಕೊಡ ಹಿಡಿದು ಇಳಿಯುತ್ತಿದ್ದೆ. ನೀರು ಮನೆಯಲ್ಲೇ ಬರುತ್ತಿತ್ತು. ಕೊಡ ಒಂದು ನೆವ.

ಒಂದು ಸಂಜೆ ಸವಿತ ಲೈನಿಗೂ ಬರುತ್ತಾಳೆ ಎಂದೆ. ಏನು ಕೇಳುತ್ತಾಳೆ ಎಂದರು. ಹೇಳಿದೆ. ಸೆಲ್ವಿಗೆ ಉತ್ತರ ಗೊತ್ತಿತ್ತು. "ಬೆಟ್ಟದ ಹೊಟ್ಟೆ ಒಳಗೆ ಕೆರೆ ಇದೆ ಪಾಟಿ. ಅದು ತುಂಬಿದ್ರೆ ಬೆಟ್ಟ ಒಡೀತದೆ. ಗುಡ್ಡ ಕುಸಿದ ವರ್ಷ ಹಂಗೇ ಆಗಿದ್ದು, ನಾನೇ ಸೌಂಡ್ ಕೇಳಿದೀನಿ."

ಅಯ್ಯೋ, ಇವಳು ಹೀಗೆ ತಪ್ಪು ಹೇಳಿದರೆ ಮೊಮ್ಮಗಳ ಕೆಲಸ ಯಾವಾಗ ಮುಗಿಯಬೇಕು ಎಂದುಕೊಂಡೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ನನಗೆ ಗೊತ್ತಿರುವ ಪರೀಕ್ಷೆ ಒಂದೇ: ಮೇಷ್ಟ್ರು ಕೇಳುತ್ತಾರೆ, ಸರಿ ಹೇಳಿದರೆ ಪಾಸು. ಸರಿ ಉತ್ತರ ಸವಿತ ಫೋನಿನಲ್ಲಿ ಯಾರಿಗೋ ಹೇಳುವಾಗ ಹತ್ತು ಸಲ ಕೇಳಿದ್ದೆ. ಅಲ್ಲೇ ಕೂರಿಸಿ ಹೇಳಿಕೊಟ್ಟೆ. "ಕೆರೆನೂ ಇಲ್ಲ, ಹೊಳೆನೂ ಇಲ್ಲ ಕಣೆ. ಪಾತ್ರೆ ತುಂಬ ಹುರುಳಿ ಹಾಕಿ ನೀರು ಹುಯ್ಯಿ. ನೀರು ಎಲ್ಲೋಯ್ತು? ಕಾಳು ಕಾಳಿನ ಸಂದೀಲಿ ಕೂತಿರ್ತದೆ. ಮಣ್ಣೂ ಹಂಗೇ. ಸಂದಿ ಎಲ್ಲ ತುಂಬಿದ ಮೇಲೆ ಪಾತ್ರೆ ವಾಲಿಸಿದ್ರೆ ಎಲ್ಲ ಒಟ್ಟಿಗೆ ಜಾರ್ತದೆ." ಒಬ್ಬೊಬ್ಬರ ಬಾಯಲ್ಲೂ ಎರಡೆರಡು ಸಲ ಹೇಳಿಸಿದೆ. ಒಂದೇ ವಾರದಲ್ಲಿ ಲೈನಿಗೆ ಲೈನೇ ಪಾಸು.

ಸವಿತ ಹೋಗಿ ಕೇಳಿಕೊಂಡು ಬಂದಳು. ಮೊದಲ ಎರಡು ದಿನ ಅವಳಿಗೆ ಖುಷಿ. ಮೂರನೆಯ ದಿನ ಮೊಬೈಲು ಹಾಕಿ ಕೇಳುತ್ತಾ ಬರೆಯುವುದನ್ನು ನಿಲ್ಲಿಸಿದಳು. ಸೆಲ್ವಿಯ ಧ್ವನಿ, "ಪಾತ್ರೆಲಿ ಹುರುಳಿ ಹಾಕಿದ್ರೆ." ಇನ್ನೊಬ್ಬಳು, "ಹುರುಳಿ ಸಂದೀಲಿ." ಮತ್ತೊಬ್ಬಳು, "ಎಲ್ಲೋಯ್ತು?" ನಾನು ಕೇಳಿದ ಧಾಟಿಯಲ್ಲೇ ಕೇಳಿದ್ದಳು.

"ಅಜ್ಜಿ, ಇವರಿಗೆ ನೀನು ಹೇಳಿಕೊಟ್ಯಾ?"

"ಹೂಂ. ಎಲ್ಲ ಸರಿಯಾಗಿ ಹೇಳಿದ್ರಲ್ಲ."

"ನನಗೆ ಸರಿ ಬೇಡ ಅಜ್ಜಿ. ಅವರ ತಲೇಲಿ ಮೊದಲು ಏನಿತ್ತೋ ಅದು ಬೇಕಿತ್ತು."

"ಸೆಲ್ವಿ ಬೆಟ್ಟದ ಹೊಟ್ಟೇಲಿ ಕೆರೆ ಐತೆ ಅಂತಿದ್ಲು. ಅದನ್ನ ಬರ್ಕೊಂಡು ಏನ್ ಮಾಡ್ತಿದ್ದೆ?"

ಸವಿತ ಕುರ್ಚಿಯಿಂದ ಎದ್ದಳು. "ಆ ಕೆರೆನೇ ನನಗೆ ಬೇಕಿತ್ತು."

ಅವಳು ಅಳಲಿಲ್ಲ, ಬಯ್ಯಲಿಲ್ಲ. ಯೂನಿವರ್ಸಿಟಿಯಲ್ಲಿ ತನ್ನ ಮೇಲಿನವರಿಗೆ, ಇದ್ದದ್ದನ್ನು ಇದ್ದ ಹಾಗೆ ಬರೆದಳು. ಲೈನಿನ ಮಾತುಗಳನ್ನೆಲ್ಲ ತೆಗೆದು ಬೇರೆ ಕಡೆ ಹೊಸದಾಗಿ ಮಾಡಬೇಕೆಂದು ಉತ್ತರ ಬಂತು. ಗಡುವು ಮಾತ್ರ ಅದೇ. ಮುಚ್ಚಿಟ್ಟಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು ಎಂದೆ. "ನನಗೆ," ಎಂದಳು. ನಲ್ಲಿಯ ಹತ್ತಿರ ಸೆಲ್ವಿ ನನ್ನನ್ನು ಹಿಡಿದು ನಿಲ್ಲಿಸಿದಳು. "ಪಾಟಿ, ನಾನು ಸರಿ ಹೇಳ್ದೆ ತಾನೆ? ಅಕ್ಕ ಏನಕ್ಕೆ ಬೇಜಾರು?" ನಾನು ಕೊಡ ಎತ್ತಿಕೊಂಡು ಮನೆಗೆ ಹತ್ತಿದೆ. ಮೂರು ದಿನ ಕೊಡ ಮುಟ್ಟಲಿಲ್ಲ.

ಬೇರೆ ಕಡೆ ಎಂದರೆ ಕುಶಾಲನಗರದ ಆಚೆಯ ಒಂದು ಹಳ್ಳಿ ಎಂದಾಯಿತು. ಅಲ್ಲಿಯವರು ನಮ್ಮ ಹಾಸನದ ಕಡೆಯಿಂದ ಅಜ್ಜನ ಕಾಲದಲ್ಲಿ ಬಂದು ನೆಲೆಸಿದ ಒಕ್ಕಲುಮಕ್ಕಳು. ಸವಿತ ಎರಡು ಸಲ ಹೋದಳು. ಸರ್ಕಾರದವಳೋ ಏನೋ ಎಂದು ಯಾರೂ ಬಾಯಿ ಬಿಡಲಿಲ್ಲ. ಮಳೆಗಾಲ ಹತ್ತಿರ ಬರುತ್ತಿತ್ತು. ಮೂರನೆಯ ಸಲ ನನ್ನನ್ನು ಕರೆದಳು.

"ಪರಿಚಯ ಮಾಡ್ಕೋ, ಸುಮ್ಮನೆ ಕೂತ್ಕೋ. ತುಟಿ ಬಿಚ್ಚಿದ್ರೆ ನನ್ನ ಕೆಲಸ ಹೋಗುತ್ತೆ ಅಜ್ಜಿ. ತಮಾಷೆ ಅಲ್ಲ."

ಆ ಊರಿನಲ್ಲಿ ಬಸ್ಸಿಳಿದಾಗ ನನಗೆ ಉಸಿರು ಸಲೀಸಾಯಿತು. ನೆಲ ಚಪ್ಪಟೆ. ರಸ್ತೆ ಆ ತುದಿಯವರೆಗೆ ಕಾಣುತ್ತದೆ. ರಂಗಮ್ಮ ಎಂಬವಳ ಜಗಲಿಗೆ ಹೋದೆವು. ನಾನು ಒಂದು ಮಾತಾಡಿದ್ದೇ ಸಾಕು, "ನಮ್ಮ ಕಡೆ ಮಾತಲ್ವೇನವ್ವ, ಯಾವೂರು?" ಎಂದಳು. ಸೊಪ್ಪಿನ ಸಾರು, ಮುದ್ದೆ ಇಟ್ಟಳು. ಇಲ್ಲಿ ಹುಟ್ಟಿದವಳಾದರೂ ಅರಸೀಕೆರೆಯ ತೆಂಗಿನಕಾಯಿಯ ದರ ನನಗಿಂತ ಚೆನ್ನಾಗಿ ಅವಳಿಗೆ ಗೊತ್ತಿತ್ತು. ಅಕ್ಕಪಕ್ಕದವರೂ ಬಂದು ಕೂತರು. ಇನ್ನೊಂದು ವಾರ ಇಲ್ಲೇ ಇದ್ದುಬಿಡೋಣ ಅನಿಸಿತು.

ಊಟವಾದ ಮೇಲೆ ಸವಿತ ಮೊಬೈಲು ಇಟ್ಟು ಪ್ರಶ್ನೆ ಕೇಳಿದಳು.

"ಎಲ್ಲೋಗ್ತದೆ ಮಗ? ಕೆಳಗಡೆ ಹೊಳೆ ಹರೀತದೆ," ಎಂದಳು ರಂಗಮ್ಮ. "ಕಾವೇರಿಯಷ್ಟೇ ದೊಡ್ಡದು. ಕತ್ತಲಲ್ಲಿ ಹರೀತದೆ, ಅದಕ್ಕೆ ತಣ್ಣಗಿರೋದು. ನಮ್ಮ ಬೋರು ಆ ಹೊಳೆಗೇ ಬಿದ್ದಿರೋದು. ಆ ಕಡೆ ಮನೆಯೋರದು ದಡಕ್ಕೆ ಬಿದ್ದದೆ, ಅದಕ್ಕೆ ಬತ್ತೋಯ್ತು."

ಸುತ್ತ ಕೂತವರು ಹೌದೆಂದು ತಲೆಯಾಡಿಸಿದರು. ಸವಿತಳ ಪೆನ್ನು ಓಡುತ್ತಿತ್ತು. ಅವಳ ಮುಖ ಅಷ್ಟು ಅರಳಿದ್ದನ್ನು ತಿಂಗಳುಗಳಿಂದ ನೋಡಿರಲಿಲ್ಲ. ನಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡೆ.

ರಂಗಮ್ಮ ನನ್ನನ್ನು ನೋಡಿದಳು. "ನೀನ್ಯಾಕವ್ವ ಹಂಗೆ ಕೂತೆ? ಆಗಿಂದ ಬಾಯಿಗೆ ಬಿಡುವೇ ಇರ್ಲಿಲ್ಲ. ನಾನು ಹೇಳಿದ್ದು ಸರಿಯೋ ತಪ್ಪೋ?"

"ನನಗೇನು ಗೊತ್ತು ಕಣವ್ವ. ಇವಳ ಜೊತೆ ಬಂದೋಳು ನಾನು."

"ಗೊತ್ತಿದ್ದೂ ಹೇಳ್ತಿಲ್ಲ ನೀನು. ಕಣ್ಣೇ ಹೇಳ್ತದೆ." ಅವಳು ನಕ್ಕಳು, ಆದರೆ ತನ್ನ ಚಾಪೆಯನ್ನು ಒಂದಿಷ್ಟು ಆಚೆಗೆ ಎಳೆದುಕೊಂಡಳು. "ಹಂಗಾರೆ ನಮ್ಮೋಳಲ್ಲ ಬಿಡು. ಆ ಮೊಬೈಲಿನೋಳ ಕಡೆಯೋಳೇ."

ಹಾಗಲ್ಲವೆನ್ನಲು ಬಾಯಿ ತೆರೆದೆ. ಸವಿತ ಮುಂದಿನ ಹೆಂಗಸಿಗೆ ಪ್ರಶ್ನೆ ಕೇಳುತ್ತಿದ್ದಳು. ಬಾಯಿ ಮುಚ್ಚಿಕೊಂಡು, ಮೊಮ್ಮಗಳ ಪಕ್ಕಕ್ಕೆ ಸರಿದು ಕೂತೆ.