ಸಾಹೇಬರು ಅಳೆದ ಎಂಟು ವಾಲ್ವು

ನಾನು ಬಾಲಾನಗರದ ಒಂದು ಗಾಡಿ ರಿಪೇರಿ ಶೆಡ್ಡಿನಲ್ಲಿ ಕೆಲಸಕ್ಕಿದ್ದಾಗ, ಕಲಬುರ್ಗಿ ಕಡೆಯ ರಿಟೈರ್ಡ್ ಸಾಹೇಬರೊಬ್ಬರು ತಮ್ಮ ಅಪ್ಪನ ಕಾಲದ ಕಾರಿನ ಎಂಜಿನ್ ಬಿಚ್ಚಿಸಿದರು. ಶುಕ್ರವಾರ ಮಗಳು ಮದುವೆ ಮಂಟಪಕ್ಕೆ ಅದರಲ್ಲೇ ಹೋಗಬೇಕಂತೆ. ನನ್ನ ಅಳತೆಯ ಮೇಲೆ ನಂಬಿಕೆಯಿಲ್ಲದೆ ತಮ್ಮದೇ ಮೈಕ್ರೋಮೀಟರ್ ತಂದಿದ್ದರು.

"ನೀ ಎಲ್ಲಿತನಕ ಸಾಲಿ ಕಲ್ತೀಯಪಾ?"

"ಐದನೇತ್ತಾ ಪೂರಾ ಆಗಿಲ್ರಿ."

"ಹಂಗಾರ ಸುಮ್ಮ ಕೂಡು. ಅಳತಿ ನಾ ತಗೋತೀನಿ."

ನಾನು ಚಹಾ ಕುಡಿದು ಬರುವಷ್ಟರಲ್ಲಿ ಎಂಟೂ ವಾಲ್ವುಗಳನ್ನು ಅಳೆದು, ಹೆಚ್ಚು ಸವೆದದ್ದರಿಂದ ಹಿಡಿದು ಕಡಿಮೆ ಸವೆದದ್ದರ ತನಕ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಮಲಗಿಸಿದ್ದರು. ಯಾವ ವಾಲ್ವು ಯಾವ ಜಾಗದ್ದು ಎಂದು ತಿಳಿಯಲು ನಾನು ಅವನ್ನು ನಂಬರ್ ಬರೆದ ರಟ್ಟಿಗೆ ಚುಚ್ಚಿಟ್ಟಿದ್ದೆ. ಸಾಹೇಬರು ಆ ರಟ್ಟಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು.

"ಇದರಾಗ ಯಾವುದು ಯಾವ ಜಾಗದ್ದ್ರಿ ಸಾಹೇಬ್ರ?"

"ಏನು ಫರಕ್ ಐತಿ? ಎಲ್ಲಾ ಇದೇ ಗಾಡೀವು."

ವರ್ಷಗಟ್ಟಲೆ ಒಂದೇ ಸೀಟಿಗೆ, ಅಂದರೆ ತಾನು ಕೂರುವ ತೂತಿನ ಅಂಚಿಗೆ, ಬಡಿದು ಒಗ್ಗಿದ ವಾಲ್ವು ಇನ್ನೊಂದರಲ್ಲಿ ಸರಿಯಾಗಿ ಕೂರುವುದಿಲ್ಲ, ಸೋರುತ್ತದೆ. ಎಂಟನ್ನೂ ಪೇಸ್ಟ್ ಹಚ್ಚಿ ಹೊಸದಾಗಿ ಉಜ್ಜಿ ಕೂರಿಸುವಷ್ಟರಲ್ಲಿ ಶುಕ್ರವಾರ ಕಳೆದಿತ್ತು. ಮಗಳು ಬಾಡಿಗೆ ಕಾರಿನಲ್ಲಿ ಹೋದಳು.

ಶನಿವಾರ ಎಂಜಿನ್ ಚಾಲೂ ಆಯಿತು. ಸಾಹೇಬರು ಬಾನೆಟ್ಟಿನ ಹತ್ತಿರ ಕಿವಿಗೊಟ್ಟು ಕೇಳಿ ತಲೆದೂಗಿದರು. "ನೋಡಿದಿ? ಅಳತಿ ಬರೋಬರಿ ಇದ್ರ ಹೀಂಗ ಓಡ್ತೈತಿ."

ಅವರ ಅಳತೆಯಲ್ಲಿ ಒಂದೂ ತಪ್ಪಿರಲಿಲ್ಲ, ಅದು ನಿಜ. ಅಳಿಯನನ್ನೂ ಹೀಗೇ ಅಳೆದು ಆರಿಸಿದ್ದರೆ ಆ ಹುಡುಗಿಯ ಗತಿ ದೇವರೇ ಬಲ್ಲ.